ಅನುದಾನ ಕೇಳುವಾಗ ಟೀಚರ್ ಸಂಬಳವನ್ನು ಮುಚ್ಚಿಡಬೇಡಿ

ಪ್ರಶ್ನೆ: ಮೇಡಂ, ನಾವು ಪಾಂಡವಪುರ ತಾಲ್ಲೂಕಿನ ಹೆಂಗಸರು. ಏಳು ಜನ ಸೇರಿ 2017ರಲ್ಲಿ ಒಂದು ಸಂಘ ನೋಂದಣಿ ಮಾಡಿಸಿದೆವು. ಮೂರು ಊರುಗಳಲ್ಲಿ ಸುಮಾರು 90 ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದೇವೆ. ವರ್ಷಕ್ಕೆ ಎರಡು ಲಕ್ಷದಷ್ಟು ಚಂದಾ ಎತ್ತಿ ನಡೆಸುತ್ತೇವೆ. 2018ರಲ್ಲೇ 12ಎ (ಆದಾಯ ತೆರಿಗೆ ವಿನಾಯಿತಿಯ ನೋಂದಣಿ) ಆಗಿದೆ, ಪ್ರತಿ ಕಳಿಸಿದ್ದೇನೆ. ಮೈಸೂರಿನ ಒಂದು ಫೌಂಡೇಶನ್‌ಗೆ ಸ್ವಂತ ಕಟ್ಟಡಕ್ಕೆ 15 ಲಕ್ಷ ಕೇಳಿ ಎರಡು ಸಲ ಅರ್ಜಿ ಹಾಕಿದೆವು, ಅದರ ಪ್ರತಿಯೂ ಜೊತೆಗಿದೆ. ಎರಡು ಸಲವೂ 'ಈ ಬಾರಿ ಸಾಧ್ಯವಾಗುತ್ತಿಲ್ಲ' ಅಂತ ಒಂದು ಸಾಲಿನ ಇಮೇಲ್ ಬಂತು. ಈಗ ಒಬ್ಬರು 'ಅಲ್ಲಿ ನನಗೆ ಗೊತ್ತು, ಶೇ. 10 ಕೊಟ್ಟರೆ ಮಾಡಿಸಿಕೊಡುತ್ತೇನೆ' ಅನ್ನುತ್ತಿದ್ದಾರೆ. ಇಂಥ ಫೌಂಡೇಶನ್‌ಗಳು ನಿಜವಾಗಿ ಹೇಗೆ ದುಡ್ಡು ಕೊಡುತ್ತವೆ? ಪರಿಚಯ ಇದ್ದವರಿಗೆ ಮಾತ್ರವಾ?

ಉತ್ತರ: ಮೊದಲು ಆ ಶೇ. 10ರ ಮಾತು ಮುಗಿಸಿಬಿಡೋಣ. ಕೊಡಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಅನುದಾನದ ದುಡ್ಡು ಫೌಂಡೇಶನ್ ಖಾತೆಯಿಂದ ನಿಮ್ಮ ಸಂಘದ ಖಾತೆಗೆ ನೇರವಾಗಿ ಬರುತ್ತದೆ. ಯಾವುದಕ್ಕೆ ಎಷ್ಟು ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ಅದರಲ್ಲಿ ಒಂದೂವರೆ ಲಕ್ಷ ತೆಗೆದು ಇನ್ನೊಬ್ಬರ ಕೈಗಿಟ್ಟರೆ ವೋಚರ್ ಎಲ್ಲಿಂದ ತರುತ್ತೀರಿ? ಸುಳ್ಳು ಬಿಲ್ ಮಾಡಬೇಕಾಗುತ್ತದೆ. ಅದು ಸಿಕ್ಕಿಬಿದ್ದರೆ ಉಳಿದ ಕಂತು ನಿಲ್ಲುತ್ತದೆ, ಕೊಟ್ಟದ್ದನ್ನೂ ವಾಪಸ್ ಕೇಳುತ್ತಾರೆ. ಅರ್ಜಿ ಬರೆಯೋಕೆ ಸಹಾಯ ಬೇಕಿದ್ದರೆ ಬರೆದುಕೊಡುವವರಿಗೆ ಇಷ್ಟು ಅಂತ ಗೊತ್ತುಮಾಡಿ ಕೊಡಿ, ರಸೀದಿ ತಗೊಳ್ಳಿ. ಅದರಲ್ಲಿ ತಪ್ಪಿಲ್ಲ. ಬರುವ ದುಡ್ಡಿನಲ್ಲಿ ಪಾಲು ಕೇಳುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಪರಿಚಯದ ಬಗ್ಗೆಯೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಹದಿನಾಲ್ಕು ವರ್ಷ ಅನುದಾನ ವಿಭಾಗದಲ್ಲೇ ಕೆಲಸ ಮಾಡಿದವಳು. ಪರಿಚಯ ಇದ್ದರೆ ಅರ್ಜಿಯನ್ನು ಬೇಗ ಓದುತ್ತಾರೆ, ಅದು ನಿಜ. ನೂರು ಅರ್ಜಿಗಳ ರಾಶಿಯಲ್ಲಿ ಗೊತ್ತಿರುವ ಹೆಸರು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆದರೆ ಕಾಗದಪತ್ರ ಸರಿ ಇಲ್ಲದ ಸಂಘಕ್ಕೆ ಟ್ರಸ್ಟಿಗಳ ನೆಂಟರೇ ಹೇಳಿದರೂ ದುಡ್ಡು ಬಿಡುಗಡೆ ಮಾಡೋಕೆ ಆಗುವುದಿಲ್ಲ. ಫೌಂಡೇಶನ್‌ಗೂ ಆಡಿಟ್ ಇದೆ. ಒಂದು ಸಾಲಿನ ಇಮೇಲ್ ಕಳಿಸಿ ಸುಮ್ಮನಾಗುವುದು ಮಾತ್ರ ತಪ್ಪು. ಎರಡು ಸಲ ಅರ್ಜಿ ಹಾಕಿದವರಿಗೆ ಕಾರಣ ತಿಳಿಯುವ ಹಕ್ಕಿದೆ. ನೀವೇ ಫೋನ್ ಮಾಡಿ, 'ಎಲ್ಲಿ ಕೊರತೆಯಾಯಿತು, ತಿದ್ದಿಕೊಳ್ಳುತ್ತೇವೆ' ಅಂತ ಕೇಳಿ. ಇದಕ್ಕೆ ಬೇಜಾರು ಮಾಡಿಕೊಂಡವರನ್ನು ನಾನು ನೋಡಿಲ್ಲ.

ಕಾರಣ ನನಗೆ ನಿಮ್ಮ ಪತ್ರದಲ್ಲೇ ಕಾಣುತ್ತಿದೆ. ನೀವು ಕಳಿಸಿದ 12ಎ ಪ್ರತಿ 2018ರದ್ದು. 2021ರ ಏಪ್ರಿಲ್ 1ರಿಂದ ಆ ನಿಯಮ ಬದಲಾಯಿತು. ಹಳೆಯ 12ಎ, 12ಎಎ ಇದ್ದ ಸಂಸ್ಥೆಗಳೆಲ್ಲ ಹೊಸದಾಗಿ ಅರ್ಜಿ ಹಾಕಿ 12ಎಬಿ ಅಡಿಯಲ್ಲಿ ನೋಂದಣಿ ಪಡೆಯಬೇಕಿತ್ತು. ಗಡುವನ್ನು ಹಲವು ಸಲ ಮುಂದೂಡಿ, ಕೊನೆಗೆ 2024ರ ಜೂನ್ 30ಕ್ಕೆ ನಿಲ್ಲಿಸಿದರು. ಊರ ಕಡೆಯ ಎಷ್ಟೋ ಸಣ್ಣ ಸಂಘಗಳಿಗೆ ಈ ಸುದ್ದಿ ಮುಟ್ಟಲೇ ಇಲ್ಲ. ನನ್ನ ಹತ್ತಿರ ಬಂದ ಎಷ್ಟೋ ಜನ ಆ ಹಳೆ ಪ್ರತಿಯನ್ನು ಲ್ಯಾಮಿನೇಶನ್ ಮಾಡಿಸಿಕೊಂಡು ತಂದಿದ್ದರು. ನೋಡಿ ಹೊಟ್ಟೆ ಉರಿಯುತ್ತಿತ್ತು. ನಿಮ್ಮದೂ ಹೀಗೇ ಆಗಿದ್ದರೆ ಈಗ ಹೊಸದಾಗಿ ಅರ್ಜಿ ಹಾಕಬೇಕು. ಸೇವಾಸಂಸ್ಥೆಗಳ ಲೆಕ್ಕ ನೋಡಿ ಅಭ್ಯಾಸ ಇರುವ ಆಡಿಟರ್ ಹತ್ತಿರ ಹೋಗಿ. ಅಂಗಡಿ ಲೆಕ್ಕ ಮಾತ್ರ ನೋಡುವವರ ಹತ್ತಿರ ಬೇಡ. ಜೊತೆಗೇ, ದುಡ್ಡು ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿಗೂ ಅರ್ಜಿ ಹಾಕಿಸಿ. ಈ ನೋಂದಣಿ ಈಗ ಆಜೀವ ಅಲ್ಲ, ಸಾಮಾನ್ಯವಾಗಿ 5 ವರ್ಷಕ್ಕೆ. ವರ್ಷಕ್ಕೆ 5 ಕೋಟಿ ಮೀರದ ಆದಾಯದ ಸಣ್ಣ ಸಂಸ್ಥೆಗಳಿಗೆ ಅದನ್ನು 2025ರಲ್ಲಿ 10 ವರ್ಷಕ್ಕೆ ಏರಿಸಿದರು. ಮುಗಿಯುವ ಆರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹೋಗಬೇಕು. ತಾರೀಖನ್ನು ಗೋಡೆ ಮೇಲೆ ಬರೆದಿಡಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ನಾನಿಲ್ಲಿ ಎಲ್ಲರ ಬಾಯಲ್ಲಿರುವ ಹಳೆ ಸಂಖ್ಯೆಗಳನ್ನೇ ಹೇಳುತ್ತಿದ್ದೇನೆ.

ಇನ್ನೊಂದು ಕಾಗದ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುವ ಸಂಘ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಬೇಕು. ಬಾಕಿ ಇದ್ದರೆ ದಂಡ ಕಟ್ಟಿ ಸರಿಮಾಡಿಸಿ. ನಡಾವಳಿ ಪುಸ್ತಕವನ್ನು ಒಂದೇ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಬರೆದು ತುಂಬಿಸಬೇಡಿ. ನೋಡಿದ ತಕ್ಷಣ ಗೊತ್ತಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಫೌಂಡೇಶನ್‌ಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಅದು ಹೇಗೆ ಕೊಡುತ್ತದೆ ಅನ್ನುವುದೂ ಅರ್ಥವಾಗುತ್ತದೆ.

ಕೆಲವು ಫೌಂಡೇಶನ್‌ಗಳಿಗೆ ಒಂದು ಇಡುಗಂಟು ಇರುತ್ತದೆ. ಯಾವುದೋ ಕುಟುಂಬ ಕೊಟ್ಟಿದ್ದು. ಅದನ್ನು ಮುಟ್ಟುವುದಿಲ್ಲ, ಅದರ ಬಡ್ಡಿಯಲ್ಲಿ ಅನುದಾನ ಕೊಡುತ್ತಾರೆ. ಕೆಲವಕ್ಕೆ ವರ್ಷವರ್ಷ ದೇಣಿಗೆ ಬರುತ್ತದೆ. ಇನ್ನು ಕೆಲವು, ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿನಲ್ಲಿ ನಡೆಯುತ್ತವೆ. ಒಂದೇ ಊರಿನ ಹಲವರ ದುಡ್ಡನ್ನು ಒಂದು ಕಡೆ ಸೇರಿಸಿ, ಆ ಊರಿನ ಕೆಲಸಕ್ಕೇ ಹಂಚುವ ಪದ್ಧತಿಗೂ ನೂರು ವರ್ಷ ದಾಟಿದೆ. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನವರು ಇಂಥ ಮೊದಲ ಫೌಂಡೇಶನ್ ಶುರುಮಾಡಿದರು. ಸತ್ತವರು ಬರೆದಿಟ್ಟ ದಾನಪತ್ರಗಳು ಕಾಲ ಬದಲಾದ ಮೇಲೆ ಕೆಲಸಕ್ಕೆ ಬಾರದೆ ಬ್ಯಾಂಕಿನಲ್ಲಿ ಕೊಳೆಯುತ್ತಿದ್ದವು. ಈಗ ಊರಿಗೆ ಏನು ಬೇಕೋ ಅದಕ್ಕೆ ಕೊಡಲು ಬದುಕಿರುವವರ ಒಂದು ಸಮಿತಿ ಇರಲಿ ಅನ್ನುವುದು ಅವರ ಯೋಚನೆ.

ನಮ್ಮ ದೇಶದ ತೆರಿಗೆ ನಿಯಮದಲ್ಲಿ ಇಂಥ ಟ್ರಸ್ಟ್ ತನ್ನ ವರ್ಷದ ಆದಾಯದ ಕನಿಷ್ಠ ಶೇ. 85 ಭಾಗವನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಆಗದಿದ್ದರೆ ಯಾವುದಕ್ಕೆ ಅಂತ ತಿಳಿಸಿ ಕೂಡಿಡಬೇಕು, ಇಲ್ಲವೇ ತೆರಿಗೆ ಕಟ್ಟಬೇಕು. ಅದಕ್ಕೇ ಜನವರಿಯಿಂದ ಮಾರ್ಚ್‌ವರೆಗೆ ಫೌಂಡೇಶನ್ ಕಚೇರಿಗಳಲ್ಲಿ ಓಡಾಟ ಜಾಸ್ತಿ. 2023ರಲ್ಲಿ ಇನ್ನೊಂದು ನಿಯಮ ಬಂತು. ಒಂದು ಟ್ರಸ್ಟ್ ಇನ್ನೊಂದು ನೋಂದಾಯಿತ ಸಂಸ್ಥೆಗೆ 100 ರೂಪಾಯಿ ಕೊಟ್ಟರೆ ಈ ಶೇ. 85ರ ಲೆಕ್ಕಕ್ಕೆ ಹಿಡಿಯುವುದು 85 ರೂಪಾಯಿ ಮಾತ್ರ. ಇಡುಗಂಟಿಗೆ ಅಂತ ಕೊಟ್ಟರಂತೂ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ 'ನಮ್ಮ ಸಂಘಕ್ಕೊಂದು ನಿಧಿ ಮಾಡಿಕೊಡಿ' ಅಂತ ಕೇಳಬೇಡಿ. ನಿಮ್ಮ 12ಎಬಿ ಸರಿ ಇಲ್ಲದಿದ್ದರೆ ಅವರ ಲೆಕ್ಕದಲ್ಲೂ ತೊಡಕು. ಒಳ್ಳೆ ಮನಸ್ಸಿದ್ದರೂ ಅವರು ಹಿಂದೆ ಸರಿಯುತ್ತಾರೆ. ವಿದೇಶದಿಂದ ಬಂದ ದುಡ್ಡಿದ್ದರೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೇ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಅದನ್ನು ಪೂರ್ತಿ ನಿಲ್ಲಿಸಿತು.

ಇನ್ನು ನಿಮ್ಮ 15 ಲಕ್ಷದ ಕಟ್ಟಡ.

ನೀವು ಕಟ್ಟಡ ಯಾಕೆ ಕೇಳಿದಿರಿ ಅಂತ ನನಗೆ ಅರ್ಥವಾಗುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ದಾನ ಅಂದರೆ ಕಣ್ಣಿಗೆ ಕಾಣುವ ಕಟ್ಟಡ. ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರ ನೋಡಿ, ಇವತ್ತಿಗೂ ಅಲ್ಲಿ ದೇಸಿ ಬೀಜದ ಮೇಳ ನಡೆಯುತ್ತದೆ. ಬನುಮಯ್ಯನವರ ವಿದ್ಯಾಸಂಸ್ಥೆಗಳಲ್ಲಿ ಓದಿದವರು ಮೈಸೂರಿನ ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಅವು ದೊಡ್ಡ ದಾನಗಳು, ನಾವು ಇವತ್ತಿಗೂ ಅವುಗಳ ನೆರಳಲ್ಲಿದ್ದೇವೆ. ಆದರೆ ನಿಮ್ಮ ಅರ್ಜಿಯನ್ನು ಓದುವವರ ಕಣ್ಣಿಂದ ನೋಡಿ. ವರ್ಷಕ್ಕೆ ಎರಡು ಲಕ್ಷ ನಿಭಾಯಿಸುವ ಸಂಘ ಒಮ್ಮೆಲೇ 15 ಲಕ್ಷ ಕೇಳುತ್ತಿದೆ. ಜಾಗ ಯಾರ ಹೆಸರಲ್ಲಿದೆ ಅಂತ ಅರ್ಜಿಯಲ್ಲಿಲ್ಲ. ಮೂರು ಊರಿನಲ್ಲಿ ಪಾಠ, ಕಟ್ಟಡ ಒಂದೇ ಊರಲ್ಲಿ. ಕಟ್ಟಡ ಎದ್ದ ಮೇಲೆ ಕರೆಂಟ್ ಬಿಲ್, ಸುಣ್ಣಬಣ್ಣ, ಟೀಚರ್ ಸಂಬಳಕ್ಕೆ ದುಡ್ಡು ಎಲ್ಲಿಂದ? ನಾನಿದ್ದರೂ ಆ ಅರ್ಜಿಯನ್ನು ಬದಿಗಿಡುತ್ತಿದ್ದೆ.

ಜನರ ಮೇಲೆ, ಕಲಿಕೆಯ ಮೇಲೆ ಹಾಕಿದ ಸಣ್ಣ ಅನುದಾನ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಮೈರಾಡ ಸಂಸ್ಥೆಯ ಹೆಸರು ಕೇಳಿರುತ್ತೀರಿ. 1968ರಲ್ಲಿ ಶುರುವಾಗಿ, ಮೊದಲು ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡುವ ಕೆಲಸ ಮಾಡಿತು. 1980ರ ದಶಕದಲ್ಲಿ ಅವರು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ಜನ ಸಣ್ಣ ಸಣ್ಣ ಗುಂಪು ಮಾಡಿಕೊಂಡು, ತಾವೇ ಉಳಿಸಿ ತಾವೇ ಸಾಲ ಕೊಟ್ಟುಕೊಳ್ಳುತ್ತಿದ್ದರು. 1987ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಗುಂಪುಗಳನ್ನು ಗಟ್ಟಿ ಮಾಡುವ ಕೆಲಸಕ್ಕೆ, ತರಬೇತಿಗೆ ಆ ದುಡ್ಡು ಹೋಯಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಇವತ್ತು ನಿಮ್ಮ ಊರಲ್ಲಿ ವಾರವಾರ ಪುಸ್ತಕ ಹಿಡಿದು ಕೂರುವ ಸ್ವಸಹಾಯ ಸಂಘದ ಬೇರು ಅಲ್ಲಿದೆ. ಅದೇ 10 ಲಕ್ಷದಲ್ಲಿ ಒಂದು ಕಟ್ಟಡ ಎದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಾಗಾದರೆ ಏನು ಕೇಳಬೇಕು? ನಿಮ್ಮ ಕೆಲಸಕ್ಕೆ ನಿಜವಾಗಿ ಆಗುವ ಖರ್ಚು. ಸಣ್ಣ ಸಂಘಗಳು ಇಲ್ಲೇ ತಪ್ಪುತ್ತವೆ. 'ಸಂಬಳ ಅಂತ ಬರೆದರೆ ಕೊಡಲ್ಲ, ಪುಸ್ತಕ, ಬ್ಯಾಗು ಅಂತ ಬರೆದರೆ ಕೊಡುತ್ತಾರೆ' ಅನ್ನುವ ನಂಬಿಕೆ ಬೇರೂರಿದೆ. ಹಾಗೆ ಬರೆದು ಬ್ಯಾಗು ಪಡೆದ ಸಂಘಗಳಲ್ಲಿ ಟೀಚರ್ ಮೂರು ತಿಂಗಳು ಸಂಬಳವಿಲ್ಲದೆ ಪಾಠ ಮಾಡಿ, ನಾಲ್ಕನೇ ತಿಂಗಳು ಗಾರ್ಮೆಂಟ್ಸ್ ಬಸ್ಸು ಹತ್ತಿದ್ದನ್ನು ನೋಡಿದ್ದೇನೆ. ಬ್ಯಾಗು ಇದ್ದವು, ಪಾಠ ಇರಲಿಲ್ಲ.

ನಿಮ್ಮದನ್ನೇ ಲೆಕ್ಕ ಹಾಕೋಣ. ಮೊತ್ತಗಳು ನನ್ನ ಅಂದಾಜು, ನೀವು ತಿದ್ದಿಕೊಳ್ಳಿ. ಮೂವರು ಟೀಚರ್, ತಿಂಗಳಿಗೆ 8,000, ಹನ್ನೊಂದು ತಿಂಗಳು: 2,64,000. ಮೂರೂ ಊರು ಸುತ್ತಿ ನೋಡಿಕೊಳ್ಳುವ ಒಬ್ಬರಿಗೆ ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000. ಸಂಜೆ ಹೊತ್ತು ಮಕ್ಕಳಿಗೆ ಕಡಲೆಮಿಠಾಯಿಯೋ ಬಾಳೆಹಣ್ಣೋ, ತಲೆಗೆ 8 ರೂಪಾಯಿ, 90 ಮಕ್ಕಳು, 200 ದಿನ: 1,44,000. ಪುಸ್ತಕ, ಸ್ಲೇಟು, ಚಾರ್ಟುಗಳಿಗೆ ಮಗುವಿಗೆ 600ರಂತೆ 54,000. ಓಡಾಟಕ್ಕೆ 36,000. ಟೀಚರ್‌ಗಳ ತರಬೇತಿಗೆ 20,000. ಇಲ್ಲಿಗೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ವಾರಕ್ಕೆ ಒಂದೆರಡು ದಿನ ಬಂದು ಲೆಕ್ಕ ಬರೆಯುವವರಿಗೆ ತಿಂಗಳಿಗೆ 4,000ದಂತೆ 48,000, ಆಡಿಟ್ ಫೀಸು 20,000. ಒಟ್ಟು 7,66,000. ಒಂದು ಮಗುವಿಗೆ ವರ್ಷಕ್ಕೆ ಸುಮಾರು 8,500 ರೂಪಾಯಿ. ಈ ಅಂಕಿಯನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

ಪೂರ್ತಿ 7,66,000ವನ್ನೂ ಒಬ್ಬರ ಹತ್ತಿರವೇ ಕೇಳಬೇಕಿಲ್ಲ. ನೀವು ಎತ್ತುವ ಎರಡು ಲಕ್ಷ ಚಂದಾ ಇದೆಯಲ್ಲ, ಅದನ್ನು ಕಳೆದು 5,66,000 ಕೇಳಿ. ಊರವರು ಎರಡು ಲಕ್ಷ ಹಾಕುತ್ತಾರೆ ಅನ್ನುವುದು ನಿಮ್ಮ ಅರ್ಜಿಯ ದೊಡ್ಡ ಬಲ. ನೀವು ಅದನ್ನು ಕೊನೆ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ಮೊದಲ ಸಲ ಇದೂ ಜಾಸ್ತಿ ಅನಿಸಿದರೆ ಒಂದೇ ಊರಿಗೆ, ಒಂದು ವರ್ಷಕ್ಕೆ ಕೇಳಿ. ಫೌಂಡೇಶನ್‌ನವರಿಗೂ ನನ್ನದೊಂದು ಮಾತಿದೆ. ಲೆಕ್ಕ ಬರೆಯುವವರ ಸಂಬಳಕ್ಕೆ ಕೊಡದೆ, ಲೆಕ್ಕ ಸರಿ ಇಲ್ಲ ಅಂತ ಸಣ್ಣ ಸಂಘಗಳನ್ನು ದೂರುವುದು ನ್ಯಾಯ ಅಲ್ಲ. ಒಳಗಿದ್ದಾಗಲೂ ಇದನ್ನೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅರ್ಜಿ ಹೋದ ಮೇಲೆ ಏನಾಗುತ್ತದೆ? ಮೊದಲು ಒಬ್ಬ ಅಧಿಕಾರಿ ಓದುತ್ತಾರೆ. ತಮ್ಮ ಕ್ಷೇತ್ರ ಹೌದಾ, ತಮ್ಮ ಜಿಲ್ಲೆ ಹೌದಾ ಅಂತ ನೋಡುತ್ತಾರೆ. ಹೆಚ್ಚಿನ ಅರ್ಜಿಗಳು ಇಲ್ಲೇ ಬಿದ್ದುಹೋಗುತ್ತವೆ. ಅದಕ್ಕೇ ಮೂವತ್ತು ಪುಟ ಬರೆಯುವ ಮೊದಲು ಒಂದು ಫೋನ್ ಮಾಡಿ ಕೇಳುವುದು, ಆಮೇಲೆ ಎರಡು ಪುಟದ ಟಿಪ್ಪಣಿ ಕಳಿಸುವುದು ಒಳ್ಳೆಯದು. ಕನ್ನಡದಲ್ಲಿ ಕಳಿಸಬಹುದಾ ಅಂತಲೂ ಕೇಳಿ. ಬಹಳ ಕಡೆ ಆಗುತ್ತದೆ, ಕೇಳುವವರೇ ಇಲ್ಲ. ಆಮೇಲೆ ಕಾಗದ ಪರಿಶೀಲನೆ: ನೋಂದಣಿ ಪತ್ರ, ಬೈಲಾ, ಪ್ಯಾನ್, 12ಎಬಿ, ಮೂರು ವರ್ಷದ ಆಡಿಟ್, ಪದಾಧಿಕಾರಿಗಳ ಪಟ್ಟಿ. ಪದಾಧಿಕಾರಿಗಳೆಲ್ಲ ಒಂದೇ ಮನೆಯವರಾದರೆ ಪ್ರಶ್ನೆ ಬಂದೇ ಬರುತ್ತದೆ. ಆಮೇಲೆ ನಿಮ್ಮ ಊರಿಗೆ ಬರುತ್ತಾರೆ. ಕೊನೆಗೆ ಟ್ರಸ್ಟಿಗಳ ಸಭೆ. ಎಲ್ಲ ಸೇರಿ ನಾಲ್ಕರಿಂದ ಆರು ತಿಂಗಳು ಹಿಡಿಯುವುದನ್ನು ನಾನು ಕಂಡಿದ್ದೇನೆ.

ಈ ಊರಿನ ಭೇಟಿಯೇ ನನಗೆ ಯಾವಾಗಲೂ ಮುಖ್ಯವಾಗಿತ್ತು. ಒಂದು ಸಲ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಸಮುದಾಯ ಭವನದಲ್ಲಿ ಸಂಜೆ ಪಾಠ. ಟೀಚರ್ ಪಿಯುಸಿ ಓದಿದ ಹುಡುಗಿ. ಹಾಜರಿ ಪುಸ್ತಕ ಕೇಳಿದೆ. ಬ್ರೌನ್ ಪೇಪರ್ ಹೊದಿಸಿದ 200 ಪುಟದ ನೋಟ್‌ಬುಕ್ ಕೊಟ್ಟಳು. ಆಗಸ್ಟ್ ತಿಂಗಳ ಪುಟದಲ್ಲಿ ಐದಾರು ಹೆಣ್ಣುಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ 'ನಾಟಿ, ತಮ್ಮನ್ನ ನೋಡ್ಕೋಬೇಕು' ಅಂತ ಬರೆದಿತ್ತು. ಏನಿದು ಅಂದೆ. 'ನಾಟಿ ಟೈಮಲ್ಲಿ ಅವ್ವಂದ್ರು ಬರೋದು ಕತ್ಲಾದ್ ಮ್ಯಾಲೇ ಮೇಡಂ. ಕೂಸ್ನ ಯಾರ್ ನೋಡ್ಕತಾರೆ? ಅದ್ಕೇ ಕೂಸ್ನೂ ಎತ್ಕೊಂಡೇ ಬನ್ನಿ ಅಂದಿವ್ನಿ' ಅಂದಳು. ಪುಟ ತಿರುವಿದೆ. ಸೆಪ್ಟೆಂಬರ್‌ನಲ್ಲಿ ಅದೇ ಹೆಸರುಗಳ ಮುಂದೆ ಹಾಜರಿ. ತಲೆ ಎತ್ತಿ ನೋಡಿದರೆ ಕಿಟಕಿ ಸರಳಿಗೆ ಹಳೆ ಸೀರೆಯ ಜೋಲಿ ಕಟ್ಟಿತ್ತು. ಒಳಗೆ ಒಂದು ಮಗು ಮಲಗಿತ್ತು, ಅಕ್ಕ ಒಂದು ಕೈಯಲ್ಲಿ ತೂಗುತ್ತಾ ಇನ್ನೊಂದು ಕೈಯಲ್ಲಿ ಭಾಗಾಕಾರ ಮಾಡುತ್ತಿದ್ದಳು.

ಆ ಸಂಘದ ಅರ್ಜಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. 'ಸಮಗ್ರ ಸಬಲೀಕರಣ' ಅಂತೆಲ್ಲ ಇತ್ತು. ನಾನು ಟ್ರಸ್ಟಿಗಳ ಸಭೆಗೆ ಆ ಎರಡು ಪುಟಗಳ ಜೆರಾಕ್ಸ್ ತಗೊಂಡು ಹೋದೆ. ಅನುದಾನ ಸಿಕ್ಕಿತು. ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತದೆ. ಇಷ್ಟು ವರ್ಷ 90 ಮಕ್ಕಳನ್ನು ಹಿಡಿದಿಟ್ಟವರ ಹತ್ತಿರ ಇಲ್ಲದೆ ಇರುತ್ತದಾ? ಅದನ್ನೇ ಬರೆಯಿರಿ, ನೀವು ಮಾತಾಡುವ ಹಾಗೆ. ಭೇಟಿಗೆ ಬಂದಾಗ ಶಾಲು, ಹಾರ, ಸ್ವಾಗತ ಗೀತೆ ಬೇಡ. ಎಂದಿನಂತೆ ಪಾಠ ನಡೆಯಲಿ. ಬಂದವರು ಹಿಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂರುತ್ತಾರೆ.

ಅನುದಾನ ಮಂಜೂರಾದರೆ ದುಡ್ಡು ಸಾಮಾನ್ಯವಾಗಿ ಎರಡೋ ಮೂರೋ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ, ವರದಿ ಹೋದ ಮೇಲೆ ಎರಡನೆಯದು. ನಡುವೆ ತಡವಾಗಬಹುದು. ಹಾಗಾಗಿ ಎರಡು ತಿಂಗಳ ಟೀಚರ್ ಸಂಬಳದಷ್ಟನ್ನು ಚಂದಾ ದುಡ್ಡಿನಲ್ಲಿ ಕೈಯಲ್ಲಿಟ್ಟುಕೊಳ್ಳಿ. ವೋಚರ್‌ಗಳನ್ನು ತಿಂಗಳುವಾರು ದಾರ ಹಾಕಿ ಹೊಲಿದಿಡಿ. ಒಂದು ಬಾಬಿನ ದುಡ್ಡನ್ನು ಇನ್ನೊಂದಕ್ಕೆ ಹಾಕಬೇಕಾದರೆ ಮೊದಲೇ ಬರೆದು ಅನುಮತಿ ಕೇಳಿ. ಒಬ್ಬ ಟೀಚರ್ ಬಿಟ್ಟುಹೋದರೆ, ಮಕ್ಕಳ ಸಂಖ್ಯೆ ಕಮ್ಮಿಯಾದರೆ ವರದಿಗೆ ಕಾಯದೆ ಅವತ್ತೇ ಫೋನ್ ಮಾಡಿ ತಿಳಿಸಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದಾಗ ಆಗುವ ನೋವು ಎರಡೂ ಕಡೆಯವರಿಗೆ ದೊಡ್ಡದು.

ಸಿಎಸ್‌ಆರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೆಬ್ಬಾಳು, ನಂಜನಗೂಡು ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳು 2013ರ ಕಂಪನಿ ಕಾಯ್ದೆಯ ಲೆಕ್ಕಕ್ಕೆ ಬರುವುದಾದರೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಮ್ಮ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ಅವರ ಕೆಲಸವನ್ನು ಜಾರಿ ಮಾಡುವ ಸಂಸ್ಥೆಯಾಗಬೇಕಾದರೆ ನಿಮಗೆ 12ಎಬಿ, 80ಜಿ ಎರಡೂ ಬೇಕು, ಮೂರು ವರ್ಷದ ಕೆಲಸದ ಅನುಭವ ಬೇಕು, ಸಿಎಸ್‌ಆರ್-1 ಅನ್ನುವ ನಮೂನೆಯಲ್ಲಿ ನೋಂದಣಿ ಬೇಕು. ಅನುಭವ ನಿಮಗೆ ಇದ್ದೇ ಇದೆ.

12ಎಬಿ ಕೈಗೆ ಬರೋಕೆ ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಜಾಗಕ್ಕೆ ದುಡ್ಡು ಹಾಕಬೇಡಿ. ಶಾಲೆಯ ಕೋಣೆಯನ್ನು ಸಂಜೆ ಹೊತ್ತು ಬಳಸೋಕೆ ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿಯವರನ್ನು ಕೇಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಇದ್ದರೆ ಪಿಡಿಓ ಅವರನ್ನು ನೋಡಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ಆ ಒಪ್ಪಿಗೆ ಪತ್ರಗಳನ್ನೂ ಮುಂದಿನ ಅರ್ಜಿಗೆ ಲಗತ್ತಿಸಿ. ಅರ್ಜಿ ಕಳಿಸುವ ಮೊದಲು ಖರ್ಚಿನ ಹಾಳೆಯನ್ನು ನನಗೆ ಕಳಿಸಿದರೆ ನೋಡಿ ಹೇಳುತ್ತೇನೆ. ಹಾಜರಿ ಪುಸ್ತಕದ ಎರಡು ಪುಟವನ್ನೂ ಜೊತೆಗಿಡಿ.